ಕಿಟಕಿ ಗ್ರಿಲ್: ಮೊದಲು ಸ್ಕ್ರೂ ನೋಡಿ, ಆಮೇಲೆ ಡಿಸೈನು

ಮನೆ 14: ಎಲ್ಲರಿಗೂ ನಮಸ್ಕಾರ. ಶನಿವಾರ ನಾವು ಮಂಡ್ಯಕ್ಕೆ ಮದುವೆಗೆ ಹೋಗಿದ್ದಾಗ ಹಿತ್ತಲ ಕಡೆಯ ಕಿಟಕಿಯಿಂದ ಕಳ್ಳರು ನುಗ್ಗಿದ್ದಾರೆ. ಗ್ರಿಲ್ ಕತ್ತರಿಸಿಲ್ಲ, ಬಗ್ಗಿಸಿಲ್ಲ. ಎಂಟು ಸ್ಕ್ರೂ ಬಿಚ್ಚಿ, ನೀಟಾಗಿ ಗೋಡೆಗೆ ಒರಗಿಸಿಟ್ಟು ಹೋಗಿದ್ದಾರೆ! ಬೆಳ್ಳಿ ದೀಪ, ಸ್ವಲ್ಪ ನಗದು ಹೋಯಿತು. ದೂರು ಕೊಟ್ಟಾಗಿದೆ. ನಿಮ್ಮ ಮನೆ ಸ್ಕ್ರೂ ಒಳಗಿದೆಯೋ ಹೊರಗಿದೆಯೋ, ಇವತ್ತೇ ನೋಡಿ.

ಮನೆ 9: ಅಯ್ಯೋ ದೇವರೇ. ಅಜ್ಜಿ ಮನೆಯಲ್ಲಿ ಇರಲಿಲ್ಲ ತಾನೇ?

ಮನೆ 14: ಇಲ್ಲ ಅಕ್ಕ, ನಮ್ಮ ಜೊತೆಯೇ ಬಂದಿದ್ದರು.

ಮನೆ 9: ಸದ್ಯ. ಈಗ ಟಾರ್ಚ್ ಹಿಡಿದು ನೋಡಿ ಬಂದೆ, ನಮ್ಮದೂ ಹೊರಗೇ ಇದೆ. ಈ ಸಾಲಿನ ಆರೂ ಮನೆ ಒಬ್ಬರೇ ಕಟ್ಟಿ ಮಾರಿದ್ದು, ಎಲ್ಲವೂ ಹೀಗೇ ಇರಬೇಕು.

ಮನೆ 17: ಹಾಗಾದರೆ ಎಲ್ಲರೂ ಸೇರಿ ಹೊಸ ಗ್ರಿಲ್ಲೇ ಮಾಡಿಸೋಣ. ತಗಡಿನಲ್ಲಿ ಬಳ್ಳಿ, ನವಿಲು ಕತ್ತರಿಸಿದ ಡಿಸೈನ್ ಬಂದಿದೆಯಲ್ಲ, ಬೀದಿಗೇ ಒಂದು ಕಳೆ ಬರುತ್ತದೆ.

ಮನೆ 22: ಐಟಿಐನಲ್ಲಿ ವೆಲ್ಡಿಂಗ್ ಕಲಿಸಿದವನು ಅಂತ ಎರಡು ಮಾತು. ಗ್ರಿಲ್ ಗಟ್ಟಿ ಇದ್ದರೆ ಅದನ್ನು ಎಸೆಯಬೇಡಿ. ಸ್ಕ್ರೂ ತೆಗೆದು, ನಟ್ ಒಳಗಡೆ ಬರುವಂತೆ ಗುಂಡುತಲೆಯ ಬೋಲ್ಟ್ ಹಾಕಿಸಿ. ಹೊರಗಿನಿಂದ ಸ್ಪ್ಯಾನರ್ ಹಿಡಿಯೋಕೆ ಜಾಗವೇ ಇರುವುದಿಲ್ಲ. ಮರದ ಚೌಕಟ್ಟಿನ ಮೇಲೆ ವೆಲ್ಡಿಂಗ್ ಬೇಡ, ಮರ ಸುಡುತ್ತದೆ.

ಹೊಸದೇ ಬೇಕಾದರೆ 12 ಎಂ.ಎಂ. ಚೌಕದ ಸರಳು ಕೇಳಿ. ಮೀಟರಿಗೆ ಸುಮಾರು 1.13 ಕೆ.ಜಿ. ತೂಗುತ್ತದೆ, 10 ಎಂ.ಎಂ. ಆದರೆ 0.785. ಕೂಲಿ, ಕಬ್ಬಿಣ ಎರಡೂ ಕೆ.ಜಿ. ಲೆಕ್ಕದಲ್ಲೇ ತಾನೇ? 12 ಅಂತ ಒಪ್ಪಿ 10 ಹಾಕಿದರೆ ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಬಣ್ಣ ಹೊಡೆಯೋ ಮುಂಚೆ ತೂಗಿಸಿ. ಆಮೇಲೆ ತುಕ್ಕು ತಡೆಯೋ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎರಡು ಕೋಟು ಪೇಂಟು. ಮೂಲೆಯ ವೆಲ್ಡಿಂಗಿಗೆ ಬಣ್ಣ ಹೊಡೆಯದೆ ಬಿಟ್ಟರೆ ಮೊದಲ ಮಳೆಗೇ ತುಕ್ಕು.

ಮನೆ 17: ನವಿಲು ಬೇಡವೇ ಮೇಷ್ಟ್ರೇ?

ಮನೆ 22: ಬೇಕಾದರೆ ಸರಳಿನ ಮುಂದೆ ಕೂರಿಸಿ, ಸರಳಿನ ಬದಲು ಬೇಡ. ತೆಳು ತಗಡು ಬಾಗುತ್ತದೆ. ನನಗಂತೂ ಹಳೇ ಮನೆಗಳ ನೆಟ್ಟನೆಯ ಸರಳೇ ಚೆಂದ. ಅಡ್ಡಪಟ್ಟಿ ಜಾಸ್ತಿಯಾದರೆ ಮಹಡಿಗೆ ನಾವೇ ಏಣಿ ಇಟ್ಟ ಹಾಗೆ.

ಮನೆ 5: ನಮ್ಮದು ಮಹಡಿ ಮನೆ, ಇಳಿಯೋಕೆ ಒಂದೇ ಮೆಟ್ಟಿಲು. ಅಡುಗೆಮನೆ ಅದರ ಪಕ್ಕದಲ್ಲೇ. ಬೆಂಕಿ ಬಿದ್ದರೆ ಎಲ್ಲಿಂದ ಹೊರಗೆ ಬರೋದು? ಬಾಲ್ಕನಿ ಕಡೆ ಒಂದಾದರೂ ಬಾಗಿಲಿನಂತೆ ತೆರೆಯುವ ಗ್ರಿಲ್ ಬೇಕು.

ಮನೆ 22: ಒಳ್ಳೇ ಮಾತು ತಾಯಿ, ನಾನೇ ಮರೆತಿದ್ದೆ. ಕೀಲು, ಬೀಗ ಒಳಗಿರಲಿ. ಕೀ ಹೊರಗಿನವರ ಕೈಗೆ ಎಟುಕಬಾರದು, ಮನೆಯವರೆಲ್ಲರಿಗೂ ಜಾಗ ಗೊತ್ತಿರಬೇಕು, ಮಕ್ಕಳಿಗೂ.

ಮನೆ 3: ನಾವು ಬಾಡಿಗೆಯವರು. ಓನರ್ ಒಪ್ಪುತ್ತಾರಾ ಗೊತ್ತಿಲ್ಲ.

ಮನೆ 14: ಬೋಲ್ಟ್ ಖರ್ಚು ಕಡಿಮೆ, ಅಷ್ಟಕ್ಕೆ ಬೇಡ ಅನ್ನಲಿಕ್ಕಿಲ್ಲ. ನಾನೂ ಜೊತೆಗೆ ಬಂದು ಮಾತಾಡುತ್ತೇನೆ.

ಮನೆ 9: ಭಾನುವಾರ ಬೆಳಗ್ಗೆ 8ಕ್ಕೆ ಪಾರ್ಕ್ ಗೇಟ್ ಹತ್ತಿರ ಸೇರೋಣ. ವೆಲ್ಡಿಂಗ್ ಅಂಗಡಿಯವರನ್ನು ನಾನು ಕರೆಸುತ್ತೇನೆ. ಎಷ್ಟು ಕಿಟಕಿ, ಎಷ್ಟು ಸ್ಕ್ರೂ ಅಂತ ಎಣಿಸಿಕೊಂಡು ಬನ್ನಿ.

ಮನೆ 17: ಸರಳಿನ ಮಧ್ಯೆ ಎಷ್ಟು ಸಂದಿ ಬಿಡಬೇಕು?

ಮನೆ 22: 4 ಇಂಚಿಗಿಂತ ಜಾಸ್ತಿ ಬೇಡ, ಮಗುವಿನ ತಲೆ ತೂರಬಾರದು.

ಮನೆ 5: ನಮ್ಮ ಬೆಕ್ಕು ತೂರುತ್ತಾ ಸಾರ್?

ಮನೆ 22: ತೂರುತ್ತದೆ. ಮೊನ್ನೆ ನಮ್ಮ ಮನೆ ಹಾಲು ಕುಡಿದು ಹೋಗಿದ್ದು ಹಾಗೇ.