ಬೆಂಗಳೂರಿನ ಟ್ರೇಲ್‌ಗೆ ಹಾರ್ಡ್‌ಟೇಲ್ ಸಾಕಾ, ಫುಲ್ ಸಸ್ಪೆನ್ಷನ್ ಬೇಕಾ?

ಜೆಪಿನಗರ_ಸವಾರ:

ನಮಸ್ಕಾರ. ಟ್ರೇಲ್ ಓಡಿಸುವುದಕ್ಕೆ ಒಂದು ಎಂಟಿಬಿ (ಮೌಂಟನ್ ಬೈಕ್) ತಗೋಬೇಕು ಅಂತ ತುಂಬಾ ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಈಗ ಇರುವುದು ಹೈಬ್ರಿಡ್, ಸಣ್ಣ ಟೈರು. ಕನಕಪುರ ರಸ್ತೆ ಬಿಟ್ಟು ಒಳಗಿನ ಮಣ್ಣು ದಾರಿಗೆ ಇಳಿದ ತಕ್ಷಣ ಕೈ ಜುಮ್ ಅನ್ನುತ್ತದೆ.

ಮನೆ ಜೆ.ಪಿ. ನಗರ. ಭಾನುವಾರ ಬೆಳಗ್ಗೆ ತುರಹಳ್ಳಿ ಸುತ್ತಮುತ್ತ, ಮನಸ್ಸಾದರೆ ಕಾರಿಗೆ ಕಟ್ಟಿಕೊಂಡು ಹೆಸರಘಟ್ಟ ಅಥವಾ ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗದ ಕಡೆ. ವರ್ಷಕ್ಕೊಮ್ಮೆ ಗೆಳೆಯರ ಜೊತೆ ಸಕಲೇಶಪುರಕ್ಕೆ ಹೋಗುವ ಆಸೆ ಇದೆ. ವಯಸ್ಸು 38, ತೂಕ 78 ಕೆಜಿ, ಎತ್ತರ 5 ಅಡಿ 7 ಇಂಚು. ಬಜೆಟ್ ಒಂದೂಕಾಲು ಲಕ್ಷ, ತೀರಾ ಎಳೆದರೆ ಒಂದೂವರೆ.

ಅಂಗಡಿಯವರು ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಇರುವುದು) ಧಾರಾಳ ಸಾಕು ಅಂತಾರೆ. ಆಫೀಸಿನ ಗೆಳೆಯ ಮಾತ್ರ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಫುಲ್ ಸಸ್ಪೆನ್ಷನ್ ಕಡೆ, "ಒಂದ್ಸಲ ಫುಲ್ ಸಸ್ ಓಡಿಸಿದರೆ ಮತ್ತೆ ಹಾರ್ಡ್‌ಟೇಲ್ ಮುಟ್ಟಲ್ಲ ನೀನು" ಅಂತ ಕಿವಿ ಊದುತ್ತಿದ್ದಾನೆ. ನಾಲ್ಕು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಫುಲ್ ಸಸ್ ಒಂದು ಬಜೆಟ್ ಒಳಗೇ ಸಿಗುತ್ತಿದೆ. ಟೆಸ್ಟ್ ರೈಡ್ ಅಂದರೆ ಪಾರ್ಕಿಂಗ್ ಜಾಗದಲ್ಲಿ ಎರಡು ಸುತ್ತು, ಅದರಲ್ಲಿ ಏನು ಗೊತ್ತಾಗುತ್ತದೆ ಹೇಳಿ. ಈ ಕಡೆ ನಿಜವಾಗಿ ಓಡಿಸಿದವರು ಏನಂತೀರಿ?

ಕೆಂಪುಮಣ್ಣು:

ಹಾರ್ಡ್‌ಟೇಲ್ ತಗೊಳ್ಳಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನೀವು ಓಡಿಸುವ ದಾರಿ ನೋಡಿ. ಜೆ.ಪಿ. ನಗರದಿಂದ ಹೊರಟರೆ ಮಣ್ಣು ಸಿಗುವ ತನಕ ಡಾಂಬರು, ಹಂಪು, ಮೆಟ್ರೋ ಕಂಬ, ಬಿಎಂಟಿಸಿ ಬಸ್ಸಿನ ಹೊಗೆ. ಟ್ರೇಲ್ ಸಿಕ್ಕ ಮೇಲೂ ನಮ್ಮಲ್ಲಿ ಒಂದೊಂದು ಇಳಿಜಾರು ಶುರುವಾಗುವಷ್ಟರಲ್ಲಿ ಮುಗಿದಿರುತ್ತದೆ. ಹೆಸರಘಟ್ಟವಂತೂ ಹುಲ್ಲುಗಾವಲು, ಜೀಪು ಓಡಾಡಿದ ಜಾಡು. ಅಲ್ಲಿ ಹಿಂದಿನ ಶಾಕ್‌ಗೆ ಕೆಲಸವೇ ಇಲ್ಲ, ಸುಮ್ನೆ ಎರಡು ಕೆಜಿ ಜಾಸ್ತಿ ಭಾರ ಹೊತ್ತುಕೊಂಡು ತಿರುಗಿದ ಹಾಗೆ.

ಇಲ್ಲಿ ಜನ ಬೀಳುವುದು ಹಿಂದೆ ಶಾಕ್ ಇಲ್ಲದ್ದಕ್ಕಲ್ಲ. ನಮ್ಮ ನೆಲ ಕೆಳಗೆ ಗಟ್ಟಿ, ಮೇಲೆ ಗರಸು. ಬೇಸಿಗೆಯಲ್ಲಿ ಆ ಗರಸು ಟೈರಿನ ಕೆಳಗೆ ಚೆಲ್ಲಿದ ರಾಗಿಯ ಹಾಗೆ ಉರುಳುತ್ತದೆ. ನೀಲಗಿರಿ ತೋಪಿನೊಳಗೆ ಹೋದರೆ ಒಣ ಎಲೆಯ ಹಾಸು, ಅದರ ಕೆಳಗೆ ಏನಿದೆ ಕಾಣುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಅದು ಟೈರಿನ ಮತ್ತು ಗಾಳಿಯ ವಿಷಯ. ಅಂಗಡಿಯವರು ತುಂಬಿಕೊಡುವ 45 ಪಿಎಸ್‌ಐ ಇಟ್ಟುಕೊಂಡು ಹೋದರೆ ಎಷ್ಟು ಲಕ್ಷದ ಸೈಕಲ್ ಆದರೂ ಪುಟಿಯುತ್ತದೆ. 29 ಇಂಚಿನ ಚಕ್ರಕ್ಕೆ 2.4 ಇಂಚು ಅಗಲದ ಟೈರು ಹಾಕಿ ಟ್ಯೂಬ್‌ಲೆಸ್ ಮಾಡಿಸಿ. ನಿಮ್ಮ ತೂಕಕ್ಕೆ ಮುಂದೆ 22-23, ಹಿಂದೆ 25-26 ಪಿಎಸ್‌ಐನಿಂದ ಶುರು ಮಾಡಿ ನೋಡಿ. ಬೇರೆ ಸೈಕಲ್ ಅನಿಸುತ್ತದೆ.

ಜಾಲಿ ಮುಳ್ಳಿನ ಕಾಟಕ್ಕೂ ಟ್ಯೂಬ್‌ಲೆಸ್ಸೇ ಮದ್ದು. ಟೈರಿನೊಳಗೆ ಹಾಕುವ, ತೂತು ಮುಚ್ಚುವ ಸೀಲೆಂಟ್ ಮಾತ್ರ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ನೆನಪಿಟ್ಟು ಹಾಕಿಸಬೇಕು.

ಇನ್ನು ಫೋರ್ಕ್, ಅಂದರೆ ಮುಂದಿನ ಶಾಕ್. ದುಡ್ಡು ಇಲ್ಲಿ ಹಾಕಿ. ಸನ್‌ಟೂರ್ ಎಕ್ಸ್‌ಸಿಟಿ ತರಹದ ಸ್ಪ್ರಿಂಗ್ ಫೋರ್ಕ್ ಬೇಡ, ಅದರಲ್ಲಿ ರೀಬೌಂಡ್ (ಒತ್ತಿದ ಮೇಲೆ ವಾಪಸ್ ಬರುವ ವೇಗ) ಅಡ್ಜಸ್ಟ್ ಮಾಡಲು ಆಗುವುದಿಲ್ಲ, ನಿಮ್ಮ ತೂಕಕ್ಕೆ ಸರಿಯಾಗಿ ಹೊಂದಿಸಲೂ ಆಗುವುದಿಲ್ಲ. ಏರ್ ಫೋರ್ಕ್ ಇರಲಿ, 120ರಿಂದ 140 ಎಂಎಂ ಟ್ರಾವೆಲ್, ಅಂದರೆ ಅಷ್ಟು ಕುಸಿಯುವಂಥದ್ದು. ರಾಕ್‌ಶಾಕ್ಸ್ ಜೂಡಿ ಆದರೂ ನಡೆಯುತ್ತದೆ, ಅದಕ್ಕೆ 30 ಎಂಎಂ ದಪ್ಪದ ಕಾಲು. ರೆಕಾನ್‌ಗೆ 32 ಎಂಎಂ, ಕಲ್ಲಿನ ಮೇಲೆ ಅಲುಗಾಟ ಕಮ್ಮಿ. ಫ್ರೇಮ್ ನೋಡುವಾಗ ಟೇಪರ್ಡ್ ಹೆಡ್ ಟ್ಯೂಬ್ (ಫೋರ್ಕ್ ಕೂರುವ, ಕೆಳಗೆ ಅಗಲವಾದ ಕೊಳವೆ) ಮತ್ತು ಥ್ರೂ ಆಕ್ಸಲ್ (ಚಕ್ರದ ಮಧ್ಯೆ ಹಾದು ಬಿಗಿಯುವ ದಪ್ಪ ಅಚ್ಚು) ಇದೆಯಾ ಕೇಳಿ, ಇಲ್ಲದಿದ್ದರೆ ಮುಂದೆ ಒಳ್ಳೆ ಫೋರ್ಕ್ ಆಗಲಿ ಚಕ್ರ ಆಗಲಿ ಹಾಕಿಸುವುದು ತಲೆನೋವು. ಡ್ರಾಪರ್ ಸೀಟ್ ಪೋಸ್ಟ್ (ಓಡಿಸುತ್ತಲೇ ಸೀಟು ಇಳಿಸುವ ಕಂಬ) ಕೊಡದಿದ್ದರೆ ಆಮೇಲೆ ಹಾಕಿಸಿ. ಇಳಿಜಾರಿನಲ್ಲಿ ಸೀಟು ಕೆಳಗೆ ಹೋದರೆ ಬರುವ ಧೈರ್ಯವೇ ಬೇರೆ.

ಒಂದೂಕಾಲು ಲಕ್ಷಕ್ಕೆ ಇದೆಲ್ಲ ಇರುವ ಹಾರ್ಡ್‌ಟೇಲ್ ಸಿಗುತ್ತದೆ. ಅದೇ ದುಡ್ಡಿಗೆ ಹೊಸ ಫುಲ್ ಸಸ್ ಹುಡುಕಿದರೆ, ಸಿಕ್ಕರೂ, ಬ್ರೇಕು, ಫೋರ್ಕು, ಗೇರು ಎಲ್ಲದರಲ್ಲೂ ಕೈ ಬಿಗಿ ಹಿಡಿದಿರುತ್ತಾರೆ.

ಐವತ್ತರ_ಪೆಡಲ್:

@ಕೆಂಪುಮಣ್ಣು ಟೈರಿನ ಮಾತು ನೂರಕ್ಕೆ ನೂರು ಸರಿ. ಉಳಿದದ್ದಕ್ಕೆ ನನ್ನ ತಕರಾರಿದೆ.

ಫುಲ್ ಸಸ್ ಅಂದ ಕೂಡಲೇ ಎಲ್ಲರೂ ಇಳಿಜಾರಿನ ಬಗ್ಗೆ ಮಾತಾಡುತ್ತಾರೆ. ನನಗೆ ಅದು ಬೇಕಾಗುವುದು ಏರಿನಲ್ಲಿ. ಮಳೆಗಾಲ ಮುಗಿದ ಮೇಲೆ ಮಾಕಳಿದುರ್ಗದ ಬುಡದ ದಾರಿ ನೋಡಿ. ನೀರು ಹರಿದು ಮಧ್ಯೆ ಕೊರಕಲು, ಅದರ ಅಂಚಿನಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು ಅರ್ಧ ಹೂತು ಅರ್ಧ ಮೇಲೆ. ಹಾರ್ಡ್‌ಟೇಲಿನಲ್ಲಿ ಕೂತು ತುಳಿದರೆ ಹಿಂದಿನ ಚಕ್ರ ಒಂದು ಕಲ್ಲಿಗೆ ಬಡಿದು ನೆಲ ಬಿಡುತ್ತದೆ, ಆ ಗಳಿಗೆಯಲ್ಲಿ ಪೆಡಲ್ ಸುಮ್ನೆ ತಿರುಗಿಹೋಗುತ್ತದೆ, ಕಾಲು ಇಡಲೇಬೇಕು. ಎದ್ದು ನಿಂತು ತುಳಿದರೆ ಹಿಂದೆ ಭಾರ ಇಲ್ಲ, ಗರಸಿನ ಮೇಲೆ ಚಕ್ರ ಕೆರೆಯುತ್ತದೆ. ಫುಲ್ ಸಸ್‌ನಲ್ಲಿ ಕೂತೇ ಇರಿ, ಚಕ್ರ ಕಲ್ಲಿನ ಮೇಲೆ ಹತ್ತಿ ಇಳಿದು ನೆಲ ಹಿಡಿದುಕೊಂಡೇ ಹೋಗುತ್ತದೆ. ಭಾರ ಜಾಸ್ತಿ ನಿಜ, ಆದರೆ ಇಳಿದು ತಳ್ಳುವುದು ಕಮ್ಮಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹಾರ್ಡ್‌ಟೇಲ್ ಮುಂದೆ ಮಾತ್ರ ಕುಸಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಫೋರ್ಕ್ ಒಳಗೆ ಹೋದರೆ ಹ್ಯಾಂಡಲ್ ಬಾರ್ ಕೆಳಗಿಳಿದು ಹೆಡ್ ಆಂಗಲ್ (ಫೋರ್ಕಿನ ವಾಲು) ನೆಟ್ಟಗಾಗುತ್ತದೆ, ಅಂದರೆ ಬೇಕಾದ್ದಕ್ಕೆ ಸರಿಯಾಗಿ ಉಲ್ಟಾ. ಎರಡೂ ಕಡೆ ಶಾಕ್ ಇದ್ದರೆ ಸೈಕಲ್ ಹೆಚ್ಚುಕಮ್ಮಿ ಸಮವಾಗಿ ಕೂರುತ್ತದೆ. ಅದಕ್ಕೇ ಹಾರ್ಡ್‌ಟೇಲ್‌ಗೆ ಉದ್ದ ಫೋರ್ಕ್ ಹಾಕಿಸುತ್ತಾ ಹೋದರೆ ಒಂದು ಹಂತದ ಮೇಲೆ ಲಾಭವಿಲ್ಲ.

ವಯಸ್ಸಿನ ಮಾತು. ನಿಮಗೆ 38 ಅಂದಿರಿ, ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸ ಅಂತ ಊಹಿಸುತ್ತೇನೆ. ನನಗೆ ಸೊಂಟದ ಡಿಸ್ಕ್ ತೊಂದರೆ ಇದೆ. ಹಾರ್ಡ್‌ಟೇಲ್ ಓಡಿಸಿದ ಭಾನುವಾರದ ಸೋಮವಾರ ಹೇಗಿರುತ್ತದೆ ಅಂತ ನನ್ನ ಹೆಂಡತಿಯನ್ನು ಕೇಳಬೇಕು.

ಹಾರ್ಡ್‌ಟೇಲೇ ವೇಗ ಅನ್ನುವವರಿಗೂ ಒಂದು ಮಾತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್‌ನಲ್ಲಿ ಚಿನ್ನ ಗೆದ್ದ. ಒಂದು ಸೆಕೆಂಡಿನಲ್ಲಿ ಸೋತ ಸ್ವಿಸ್ ಸವಾರ ನೀನೊ ಶುರ್ಟರ್ ಇದ್ದದ್ದು ಹಾರ್ಡ್‌ಟೇಲಿನ ಮೇಲೆ. 2016ರ ರಿಯೋದಲ್ಲಿ ಅದೇ ಶುರ್ಟರ್ ಚಿನ್ನ ಗೆದ್ದ, ಅಷ್ಟು ಹೊತ್ತಿಗೆ ಅವನೂ ಫುಲ್ ಸಸ್‌ಗೆ ಬಂದಿದ್ದ.

ಜಾಲಿಮುಳ್ಳು:

ಫುಲ್ ಸಸ್ ಬೇಕೇಬೇಕು ಅಂತ ಹೊರಟವರು ಕೊನೆಗೆ ಹದಿನೈದು ಇಪ್ಪತ್ತು ಸಾವಿರದ "ಡಬಲ್ ಶಾಕರ್" ತಂದು ನಿಲ್ಲಿಸುವುದನ್ನು ನೋಡಿದ್ದೇನೆ. ನಿಮ್ಮ ಬಜೆಟ್ ಬೇರೆ, ಆದರೂ ಇದನ್ನು ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ. ಸೀಟಿನ ಕೆಳಗೆ ಇರುವ ಆ ದಪ್ಪ ಸ್ಪ್ರಿಂಗ್ ಬರೀ ಸ್ಪ್ರಿಂಗ್, ಕುಣಿತ ತಡೆಯುವ ಡ್ಯಾಂಪಿಂಗ್ ಅನ್ನುವುದೇ ಇಲ್ಲ. ಒತ್ತಿದಷ್ಟೇ ಜೋರಾಗಿ ವಾಪಸ್ ಒದೆಯುತ್ತದೆ, ಏರಿನಲ್ಲಿ ತುಳಿದ ಶಕ್ತಿಯೆಲ್ಲ ಅದೇ ತಿನ್ನುತ್ತದೆ. ಅದರ ಅರ್ಧ ಬೆಲೆಯ ಯಾವ ಶಾಕೂ ಇಲ್ಲದ ಸೈಕಲ್ ವಾಸಿ.

ಆಮೇಲೆ ತುರಹಳ್ಳಿ ಅರಣ್ಯ ಇಲಾಖೆಯ ಜಾಗ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅಂದಾಗ ಊರಿನ ಜನ ಬೀದಿಗಿಳಿದು ಬೇಡ ಅಂದಿದ್ದು ನೆನಪಿರಬಹುದು. ಅಷ್ಟು ಕಷ್ಟಪಟ್ಟು ಉಳಿದ ಕಾಡು ಅದು. ಒಳಗೆ ಸೈಕಲ್ ಬಿಡುತ್ತಾರೋ ಇಲ್ಲವೋ ಹೋಗುವ ಮೊದಲು ವಿಚಾರಿಸಿ. ಗಾರ್ಡ್ ಬೇಡ ಅಂದರೆ ವಾದ ಮಾಡಬೇಡಿ. ಬೇಲಿ ಸಂದಿಯಲ್ಲಿ ನುಗ್ಗುವ ನಾಲ್ಕು ಜನರಿಂದಲೇ ಉಳಿದವರಿಗೂ ಗೇಟ್ ಮುಚ್ಚುವುದು.

ಕೆಂಪುಮಣ್ಣು:

@ಐವತ್ತರ_ಪೆಡಲ್ ಒಲಿಂಪಿಕ್ಸ್ ಬಿಡಿ ಸಾರ್, ಅವರ ಹಿಂದೆ ಮೆಕ್ಯಾನಿಕ್ ಪಡೆಯೇ ಇರುತ್ತದೆ, ಸೈಕಲ್ಲಿನ ಬೆಲೆಗೆ ಇಲ್ಲಿ ಕಾರು ಬರುತ್ತದೆ. ಅದೂ ಅಲ್ಲದೆ ಅವರದ್ದು ಹಿಂದೆ ನೂರು ಎಂಎಂ ಟ್ರಾವೆಲ್ಲಿನ ಹಗುರ ರೇಸ್ ಬೈಕು, ಇವರಿಗೆ ಸಿಗುತ್ತಿರುವ ಸೆಕೆಂಡ್ ಹ್ಯಾಂಡ್ ಟ್ರೇಲ್ ಬೈಕ್ ಅಲ್ಲ. ಸೊಂಟದ ವಿಷಯ ಒಪ್ಪುತ್ತೇನೆ, ಬೆನ್ನು ನೋವು ಇರುವವರ ಲೆಕ್ಕವೇ ಬೇರೆ. ಇವರು ಅದೇನೂ ಹೇಳಿಲ್ಲ ಅಲ್ವಾ? ಕೊರಕಲಿನ ಏರಿನಲ್ಲಿ ನನಗೂ ಕಾಲು ಇಡಬೇಕಾಗುತ್ತದೆ. ಇಡುತ್ತೇನೆ, ಅಷ್ಟೇ. ನಮ್ಮ ಬಂಡೆಗಳಿಗೆ 300 ಕೋಟಿ ವರ್ಷ ವಯಸ್ಸಂತೆ, ಲಾಲ್‌ಬಾಗ್ ಗುಡ್ಡದ ಮೇಲೆ ಬೋರ್ಡೇ ಇದೆ. ಅವುಗಳ ಹತ್ತಿರ ಸೋತರೆ ಏನು ಅವಮಾನ.

ಜೆಪಿನಗರ_ಸವಾರ:

ಎಲ್ಲರಿಗೂ ಥ್ಯಾಂಕ್ಸ್. ಬೆನ್ನು ಸದ್ಯಕ್ಕೆ ಚೆನ್ನಾಗಿದೆ, ಮುಟ್ಟಿ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಆ ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಮೇಲೆ ಮನಸ್ಸು ಹೋಗಿಬಿಟ್ಟಿದೆ. 130 ಎಂಎಂ ಮುಂದೆ, 120 ಹಿಂದೆ, ನೋಡಲು ಚಂದ ಇದೆ. ತಗೊಂಡರೆ ಸರ್ವಿಸ್ ಖರ್ಚು ಹೇಗೆ? ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು? ಅದು ಎಲ್ ಸೈಜ್, ನನಗೆ ನಡೆಯುತ್ತದಾ?

ಟಾರ್ಕ್_ಕೀ:

ಸೈಕಲ್ ರಿಪೇರಿ ನನ್ನ ಹೊಟ್ಟೆಪಾಡು, ಅದಕ್ಕೆ ಇದಕ್ಕೆ ಉತ್ತರ ಕೊಡುತ್ತೇನೆ.

ನೋಡಲು ಹೋದಾಗ ಮೊದಲು ಸೈಕಲ್ ಪಕ್ಕ ನಿಂತು ಸೀಟು ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ, ಹಿಂದಿನ ಚಕ್ರ ನೆಲ ಬಿಡುವುದಕ್ಕಿಂತ ಸ್ವಲ್ಪ ಮೊದಲು ನಿಲ್ಲಿಸಿ, ಬಿಡಿ, ಮತ್ತೆ ಎತ್ತಿ. ಕೈಗೆ "ಟಕ್" ಅಂತ ಸಣ್ಣ ಸಡಿಲು ಸಿಕ್ಕರೆ ಶಾಕ್ ಕೂರುವ ಬುಶ್ ಅಥವಾ ಯಾವುದೋ ಪಿವಟ್ (ಫ್ರೇಮಿನ ಹಿಂಭಾಗದ ಕೀಲು) ಬೇರಿಂಗ್ ಸವೆದಿದೆ. ಯಾವುದು ಅಂತ ತಿಳಿಯಲು ಇನ್ನೊಬ್ಬರು ಎತ್ತುತ್ತಿರಲಿ, ನೀವು ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಿ, ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಹಿಂದಿನ ಚಕ್ರ ಹಿಡಿದು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಬುಶ್ ಸಣ್ಣ ಖರ್ಚು. ಪಿವಟ್ ಬೇರಿಂಗ್ ಪೂರ್ತಿ ಸೆಟ್ ಬದಲಿಸಬೇಕು ಅಂದರೆ ಬೆಲೆಯಲ್ಲಿ ಅಷ್ಟು ಇಳಿಸಲು ಹೇಳಿ.

ಶಾಕಿನ ಹೊಳೆಯುವ ಕಂಬಿ ನೋಡಿ, ಫೋರ್ಕಿನ ಕಾಲುಗಳನ್ನೂ. ಉಗುರು ಎಳೆದರೆ ಸಿಕ್ಕಿಕೊಳ್ಳುವ ಗೀರು ಇದ್ದರೆ ಬೇಡ, ಅಲ್ಲಿಂದ ಗಾಳಿ ಎಣ್ಣೆ ಎರಡೂ ಸೋರುತ್ತವೆ. ಪೂರ್ತಿ ಒತ್ತಿ ಬಿಟ್ಟಾಗ ಚಪ್ಪಲಿ ಕೆಸರಿನಿಂದ ಬಂದ ಹಾಗೆ ಪಚಪಚ ಸದ್ದು ಬಂದರೆ ಡ್ಯಾಂಪರ್ ಒಳಗೆ ಗಾಳಿ ಸೇರಿದೆ ಅಂತ ಅನುಮಾನ ಪಡಿ. ಫ್ರೇಮಿನಲ್ಲಿ ವೆಲ್ಡಿಂಗ್ ಜಾಗ, ಕೆಳಗಿನ ಟ್ಯೂಬಿನ ಅಡಿ ಬಿರುಕು ಇದೆಯಾ ಮೊಬೈಲ್ ಟಾರ್ಚ್ ಹಾಕಿ ನೋಡಿ.

ಸರ್ವಿಸ್ ಲೆಕ್ಕ ಹೀಗೆ. ರಾಕ್‌ಶಾಕ್ಸ್‌ನವರು 50 ಗಂಟೆ ಓಡಿಸಿದ ಮೇಲೆ ಫೋರ್ಕಿನ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸಿ ಅಂತಾರೆ, ಹಿಂದಿನ ಶಾಕಿನ ಏರ್ ಕ್ಯಾನಿಗೂ (ಗಾಳಿ ತುಂಬುವ ಡಬ್ಬಿ) ಅದೇ 50 ಗಂಟೆ. ಪೂರ್ತಿ ಡ್ಯಾಂಪರ್ ಸರ್ವಿಸ್ ಬೇರೆ. ಭಾನುವಾರ ಎರಡು ಮೂರು ಗಂಟೆ ಓಡಿಸುವವರಿಗೆ ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ. ನಮ್ಮ ಕೆಂಪು ಧೂಳು ಸಣ್ಣ, ಸೀಲ್ ಹತ್ತಿರ ಕೂತು ಅರೆಯುತ್ತದೆ, ಮುಂದೂಡಿದರೆ ಆಮೇಲೆ ಜಾಸ್ತಿ ಖರ್ಚು. ಹಾರ್ಡ್‌ಟೇಲಿನಲ್ಲಿ ಇದರ ಅರ್ಧ ಕೆಲಸ. ಹಳೆಯ ಶಾಕ್ ಆದರೆ ಸೀಲ್ ಕಿಟ್ ಸಿಗುತ್ತದಾ ಅಂತ ತಗೊಳ್ಳುವ ಮೊದಲೇ ವಿಚಾರಿಸಿ, ಬಿಡಿಭಾಗ ಹೊರದೇಶದಿಂದ ಬರಬೇಕಾದರೆ ಸೈಕಲ್ ಮೂಲೆಯಲ್ಲಿ ನಿಂತಿರುತ್ತದೆ. ಮತ್ತೆ ದಯವಿಟ್ಟು ಕಾರಿನ ಜೊತೆ ವಾಟರ್ ಸರ್ವಿಸ್‌ಗೆ ಕೊಡಬೇಡಿ. ಆ ಪ್ರೆಶರ್‌ಗೆ ಬೇರಿಂಗಿನ ಗ್ರೀಸ್ ಎಲ್ಲ ಹೊರಗೆ ಹೋಗಿ ನೀರು ಒಳಗೆ ಸೇರುತ್ತದೆ. ಬಕೆಟ್ಟು, ಸ್ಪಂಜು ಸಾಕು.

ಪಿವಟ್ ಇರುವುದೆಲ್ಲ ಒಂದೇ ಅಲ್ಲ ಅನ್ನುವುದೂ ಗೊತ್ತಿರಲಿ. ಜೈಂಟ್ ಸ್ಟಾನ್ಸ್ ತರಹದ್ದರಲ್ಲಿ ಹಿಂದಿನ ಚಕ್ರದ ಹತ್ತಿರ ಕೀಲೇ ಇಲ್ಲ, ಸೀಟ್ ಸ್ಟೇ (ಸೀಟಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆ) ಬಾಗುವುದರಲ್ಲೇ ಕೆಲಸ ನಡೆಯುತ್ತದೆ. ಬೇರಿಂಗ್ ಕಮ್ಮಿ, ರಗಳೆ ಕಮ್ಮಿ.

ಈಗ ಸೈಜ್. 5 ಅಡಿ 7 ಇಂಚಿಗೆ ಬಹಳಷ್ಟು ಕಂಪನಿಗಳ ಚಾರ್ಟಿನಲ್ಲಿ ಎಂ ಬರುತ್ತದೆ. ಎಲ್ ಸೈಜಿನಲ್ಲಿ ಸೀಟು ಮುಂದೆ ತಳ್ಳಿ, ಸಣ್ಣ ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಹಾಕಿ ಹೇಗೋ ಕೂರಿಸಬಹುದು, ಆದರೆ ನಿಂತು ಓಡಿಸುವಾಗ ರೀಚ್ (ಹ್ಯಾಂಡಲ್ ಕಡೆಗಿನ ಚಾಚು) ಉದ್ದವೇ ಇರುತ್ತದೆ, ತಿರುವಿನಲ್ಲಿ ಮುಂದಿನ ಚಕ್ರದ ಮೇಲೆ ಭಾರ ಹಾಕಲು ಆಗುವುದಿಲ್ಲ. ಬೇರೆ ಎಲ್ಲ ಚೆನ್ನಾಗಿದ್ದರೂ ಈ ಒಂದು ಕಾರಣಕ್ಕೆ ನಾನು ಬಿಡುತ್ತೇನೆ.

ಜೆಪಿನಗರ_ಸವಾರ:

ಸೈಜ್ ವಿಷಯ ಮಾರುವವರು ಹೇಳಲೇ ಇಲ್ಲ ನೋಡಿ, "ಅಡ್ಜಸ್ಟ್ ಆಗುತ್ತೆ ಸಾರ್" ಅಂದರು. ಬಿಟ್ಟೆ. ಶನಿವಾರ ಹಾರ್ಡ್‌ಟೇಲ್ ನೋಡಲು ಹೋಗುತ್ತೇನೆ, ರೆಕಾನ್ ಫೋರ್ಕ್ ಇರುವ ಎಂ ಸೈಜ್ ಒಂದಿದೆಯಂತೆ, ಡ್ರಾಪರ್ ಇಲ್ಲ. ಡ್ರಾಪರ್‌ಗೆ ಸೀಟ್ ಟ್ಯೂಬಿನ ಅಳತೆ ಏನಾದರೂ ನೋಡಬೇಕಾ?

ಟಾರ್ಕ್_ಕೀ:

ಹೌದು. 30.9 ಅಥವಾ 31.6 ಎಂಎಂ ಇದ್ದರೆ ಆಯ್ಕೆ ಜಾಸ್ತಿ, 27.2 ಇದ್ದರೆ ತುಂಬಾ ಕಮ್ಮಿ. ಕೇಬಲ್ ಒಳಗಿನಿಂದ ಹೋಗಲು ಫ್ರೇಮಿನಲ್ಲಿ ತೂತು ಇದೆಯಾ ನೋಡಿ. ಈಗಿರುವ ಪೋಸ್ಟ್ ಹೊರಗೆ ಎಳೆದರೆ ಅಳತೆ ಅದರ ಮೇಲೆಯೇ ಬರೆದಿರುತ್ತದೆ.