ಓದುಗರ ಸ್ಪಂದನ: ಊರು ಮುಳುಗಿದೆ, ನೆಂಟರು ಇದ್ದಾರೆ

ಕಳೆದ ಸಂಚಿಕೆಯ ಸಮಸ್ಯೆ: "ನಮ್ಮ ತಂದೆಯ ಊರು ಸಾಗರ ತಾಲೂಕಿನಲ್ಲಿ ಶರಾವತಿ ದಡದಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದಾಗ ಮುಳುಗಿತು. ದೊಡ್ಡಪ್ಪ ಶಿವಮೊಗ್ಗದ ಕಡೆ ಹೋಗಿ ನೆಲೆ ನಿಂತರು. ಅಪ್ಪ ಕೆಲಸ ಹುಡುಕಿಕೊಂಡು ಪುಣೆಗೆ ಬಂದರು. ಪರಿಹಾರದ ಹಣದ ವಿಚಾರಕ್ಕೆ ಅಣ್ಣತಮ್ಮಂದಿರಿಗೆ ಮಾತು ಬಿಟ್ಟುಹೋಯಿತು. ಹೋದ ವರ್ಷ ಅಪ್ಪ ತೀರಿಕೊಂಡರು. ಈಗ ಮಗಳು ಊರು ನೋಡಬೇಕು, ನೆಂಟರನ್ನು ನೋಡಬೇಕು ಎನ್ನುತ್ತಾಳೆ. ಸಾಗರದಲ್ಲಿ ಸೋದರತ್ತೆ ಇದ್ದಾರೆ, ಎಂಬತ್ತು ದಾಟಿದೆ. ಇಷ್ಟು ವರ್ಷದ ಮೇಲೆ ಹೋದರೆ ಆಸ್ತಿ ಕೇಳಲು ಬಂದರು ಅಂದುಕೊಳ್ಳುವುದಿಲ್ಲವೇ? ಊರೇ ಇಲ್ಲದ ಮೇಲೆ ಹೋಗಿ ನೋಡುವುದಾದರೂ ಏನನ್ನು?"

ಅಣ್ಣಾ, ನಾನೂ ಮುಳುಗಡೆ ಮನೆಯವಳು. ನಿಮ್ಮ ಹೆದರಿಕೆ ಸುಳ್ಳಲ್ಲ. ನೀವು ಬರುವ ಸುದ್ದಿ ಕೇಳಿದರೆ ದೊಡ್ಡಪ್ಪನ ಮನೆಯಲ್ಲಿ ಮೊದಲು ಏಳುವ ಮಾತು ಅದೇ. ಆದರೆ ಅದನ್ನು ದುರಾಸೆ ಅಂದುಕೊಳ್ಳಬೇಡಿ. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಹೊಳೆದಡದ ಗದ್ದೆ, ತೋಟ ಬಿಟ್ಟು ಬಂದವರು ಕಾಡಿನ ಅಂಚಿನಲ್ಲಿ ಹೊಸದಾಗಿ ನೆಲ ಹಸನು ಮಾಡಿಕೊಂಡರು. ಅರವತ್ತು ವರ್ಷ ಕಳೆದರೂ ಎಷ್ಟೋ ಮನೆಗಳಿಗೆ ತಾವು ಉಳುವ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ. ಅಂಥವರ ಮುಂದೆ ಹಳೇ ಕಾಗದ, ಪಹಣಿ ಎಂದು ಯಾರಾದರೂ ಬಾಯಿ ತೆಗೆದರೆ ಎದೆ ಧಸಕ್ ಎನ್ನುತ್ತದೆ.

ಹಾಗಾಗಿ ಹೋಗುವ ಮುಂಚೆ ಫೋನ್ ಮಾಡಿ. ವಾಟ್ಸಾಪ್ ಬೇಡ, ಮಾತೇ ಆಡಿ. "ಅಪ್ಪ ಹೋದರು. ಜಮೀನಿನ ವಿಚಾರ ನಮಗೆ ಬೇಡ, ನಿಮ್ಮನ್ನು ನೋಡಬೇಕು ಅನಿಸಿದೆ" ಅಂತ ನೇರವಾಗಿ ಹೇಳಿಬಿಡಿ. ದೊಡ್ಡಪ್ಪನ ಮಕ್ಕಳಾದ ಅಣ್ಣಂದಿರಿಗಿಂತ ಅತ್ತಿಗೆಯರ ಹತ್ತಿರ ಮಾತಾಡಿದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಗಂಡಸರು ಮಾತು ಬಿಟ್ಟ ಮನೆಗಳಲ್ಲೂ ಹೆಂಗಸರು ಮದುವೆ ಮುಂಜಿಯಲ್ಲಿ ಸಿಕ್ಕಾಗ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಲೇ ಇರುತ್ತಾರೆ.

ಮೊದಲ ಸಲವೇ ಉಳಿಯಲು ಹೋಗಬೇಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ, ಸಂಜೆ ಹೊರಡಿ. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುತ್ತಾರೆ, ಕುಡಿಯಿರಿ. ಊಟ ಆದಮೇಲೆ ಕವಳದ ತಟ್ಟೆ ನಿಮ್ಮ ಕಡೆ ಸರಿಸಿದರೆ ಅಭ್ಯಾಸ ಇಲ್ಲ ಅನ್ನಬೇಡಿ. ಅಡಕೆ ಕತ್ತರಿಸುತ್ತಾ, ಎಲೆಗೆ ಸುಣ್ಣ ಹಚ್ಚುತ್ತಾ ಕೂತಾಗಲೇ ಹಿರಿಯರ ಬಾಯಿಂದ ಹಳೇ ಮಾತು ಬರುವುದು. ಪರಿಹಾರದ ದುಡ್ಡಿನ ಮಾತೂ ಬಂದೀತು. ಆಗ ನಿಮ್ಮ ಅಪ್ಪನ ಪರ ವಾದಕ್ಕೆ ಇಳಿಯಬೇಡಿ. ಸುಮ್ನೆ ಕೇಳಿ. ಅವರೂ ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬದುಕಿದವರು.

ಇನ್ನೊಂದು ಮಾತು. ಮುಳುಗಡೆಯಲ್ಲಿ ಎಷ್ಟೋ ಕುಟುಂಬಗಳು ಮನೆದೇವರನ್ನೂ ಜೊತೆಗೆ ತಂದಿವೆ. ನಿಮ್ಮ ಅಜ್ಜ ಪೂಜೆ ಮಾಡಿದ ದೇವರು ಈಗ ದೊಡ್ಡಪ್ಪನ ಊರಲ್ಲೇ ಇರಬಹುದು. ಹಣ್ಣುಕಾಯಿ ಮಾಡಿಸಬೇಕಿತ್ತು ಎಂದರೆ ಯಾರೂ ಅನುಮಾನ ಪಡುವುದಿಲ್ಲ.

— ಶಿವಮೊಗ್ಗ ತಾಲೂಕಿನಿಂದ ಒಬ್ಬ ಓದುಗಿ

ನೋಡುವುದು ಏನಿದೆ ಎಂದು ಕೇಳಿದ್ದೀರಿ. ಇದೆ, ಆದರೆ ಸರಿಯಾದ ಕಾಲಕ್ಕೆ ಬರಬೇಕು. ಮಳೆಗಾಲ ಮುಗಿದಾಗ ಹಿನ್ನೀರು ತುಂಬಿರುತ್ತದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಆ ಮಟ್ಟಕ್ಕೆ ಬಂದರೆ ನೀರು, ಗುಡ್ಡದ ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಲ್ಲಿ ಬನ್ನಿ. ನೀರು ಇಳಿದ ಕಡೆ ಮರದ ಬೊಡ್ಡೆಗಳು, ಹಳೇ ರಸ್ತೆ, ಮನೆಯ ಪಂಚಾಂಗದ ಕಲ್ಲು ಮೇಲೆ ಬರುತ್ತವೆ. ಮಳೆ ತೀರಾ ಕಮ್ಮಿಯಾದ ವರ್ಷ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಕಾಣುತ್ತದೆ. ಜೋಗದ ವಿದ್ಯುತ್ತಿಗಾಗಿ ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ್ದು ಅದು. ದೊಡ್ಡ ಅಣೆಕಟ್ಟೆ ಬಂದಾಗ ನಿಮ್ಮ ಊರಿನಂತೆ ಅದೂ ಮುಳುಗಿತು. ಮಗಳಿಗೆ ಅದನ್ನು ತೋರಿಸಲೇಬೇಕು.

ಪುಣೆಯಿಂದ ಹುಬ್ಬಳ್ಳಿ, ಶಿರಸಿ, ಸಿದ್ದಾಪುರದ ಮೇಲೆ ತಾಳಗುಪ್ಪಕ್ಕೆ ಬಂದರೆ ಸಾಗರ ಹತ್ತಿರವೇ. ನಿಮ್ಮ ಊರು ಹಿನ್ನೀರಿನ ಆಚೆ ದಡದ ತುಮರಿ ಕಡೆಯದಾದರೆ ಈಗ ಲಾಂಚಿಗೆ ಕಾಯಬೇಕಿಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿದೆ, ಕಾರಲ್ಲೇ ದಾಟಬಹುದು. ಆದರೆ ಆ ಊರಿನವರು ಜೊತೆಗಿಲ್ಲದೆ ಹಿನ್ನೀರಿನ ಮಣ್ಣಿಗೆ ಇಳಿಯಬೇಡಿ. ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಹೂಳು. ಕಾಲು ಹೂತರೆ ಕಷ್ಟ.

— ಸಾಗರದ ಒಬ್ಬ ನಿವೃತ್ತ ಮೇಷ್ಟರು

ಬೇಸಿಗೆಯಲ್ಲಿ ಹೋಗಿ ಅಂತ ಬೇರೆಯವರು ಬರೆದಿರಬಹುದು. ನಾನು ಭೂಮಿ ಹುಣ್ಣಿಮೆಗೆ ಹೋಗಿ ಅನ್ನುತ್ತೇನೆ. ಸೀಗೆ ಹುಣ್ಣಿಮೆ ಅಂತಲೂ ಕರೆಯುತ್ತಾರೆ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಬರುತ್ತದೆ. ಕಲ್ಲುಮಣ್ಣು ನೋಡಿ ಹದಿಹರೆಯದ ಹುಡುಗಿಗೆ ಎಷ್ಟು ಹೊತ್ತು ಸಮಾಧಾನ ಆದೀತು? ದೊಡ್ಡಪ್ಪನ ಮನೆಯಲ್ಲಿ ಆ ಹಬ್ಬ ಇದ್ದರೆ ಎರಡು ದಿನ ಮುಂಚೆಯೇ ಮಗಳನ್ನು ಕರೆದುಕೊಂಡು ಹೋಗಿ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ಕುಂಚ ಎಂದರೆ ಪುಂಡಿ ನಾರು. ಕೈ ತುಸು ಅಲುಗಿದರೂ ಗೆರೆ ಕೆಡುತ್ತದೆ. ಅತ್ತಿಗೆಯ ಪಕ್ಕ ಕೂತು ಒಂದು ಗೆರೆ ಎಳೆಯಲಿ. ರಾತ್ರಿಯೆಲ್ಲ ಅಡಿಗೆ ನಡೆಯುತ್ತದೆ, ಬೆಳಕು ಹರಿಯುವ ಹೊತ್ತಿಗೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಯಕೆ ಊಟ ಬಡಿಸುತ್ತಾರೆ. ಅಂಥ ದಿನ ಕೆಲಸಕ್ಕೆ ಕೈ ಜೋಡಿಸಿದವರನ್ನು ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.

— ಸೊರಬ ತಾಲೂಕಿನ ಓದುಗಿ

ಕಾಲ ನೋಡುತ್ತಾ ಕೂರಬೇಡಿ. ಸೋದರತ್ತೆಗೆ ಎಂಬತ್ತು ದಾಟಿದೆ ಎಂದು ನೀವೇ ಬರೆದಿದ್ದೀರಿ. ಈ ತಿಂಗಳೇ ಸಾಗರಕ್ಕೆ ಹೋಗಿ. ನಮ್ಮಲ್ಲಿ ಗದ್ದೆಗೂ ಹೆಸರಿರುತ್ತದೆ, ಆ ಹೆಸರು ಪಹಣಿಯಲ್ಲಿ ಸಿಗುವುದಿಲ್ಲ. ಗದ್ದೆಗಳ ಹೆಸರು, ಅಕ್ಕಪಕ್ಕದ ಮನೆಯವರು, ಹೊಳೆ ದಾಟುತ್ತಿದ್ದ ಜಾಗ, ಎಲ್ಲ ಅತ್ತೆಯ ಹತ್ತಿರ ಮಗಳೇ ಕೇಳಲಿ, ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ದೊಡ್ಡಪ್ಪನ ಮಕ್ಕಳ ನಂಬರ್ ಅತ್ತೆಯ ಹತ್ತಿರ ಇದ್ದೇ ಇರುತ್ತದೆ. ಮೊದಲ ಫೋನನ್ನು ಅತ್ತೆಯಿಂದಲೇ ಮಾಡಿಸಿ, ಆಮೇಲೆ ನೀವು ಮಾತಾಡಿ.

— ತೀರ್ಥಹಳ್ಳಿಯ ಓದುಗ