ಅಪ್‌ಡೇಟ್: ಅಮ್ಮನ ಕಣ್ಣಲ್ಲಿ ಮಿಂಚು, ಕಪ್ಪು ಚುಕ್ಕಿ. ರೆಟಿನಾ (ಕಣ್ಣಿನ ಹಿಂಭಾಗದ ಒಳಪದರ) ಹರಿದಿತ್ತು

ಅಮ್ಮನ ಬಲಗಣ್ಣಿನ ಅಂಚಲ್ಲಿ ಮಿಂಚು ಹೊಡೆಯುತ್ತೆ, ಕಪ್ಪು ಚುಕ್ಕಿಗಳು ತೇಲುತ್ತವೆ, ಏನು ಮಾಡೋದು ಎಂದು ಇಲ್ಲಿ ಹಿಂದೆ ಕೇಳಿದ್ದೆ ಅಲ್ವಾ? "ಇವತ್ತೇ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿ" ಎಂದವರ ಮಾತೇ ಕಣ್ಣು ಉಳಿಸಿತು. ಅವರಿಗೆ ತುಂಬಾ ಥ್ಯಾಂಕ್ಸ್. ಕೆಲವರು ಹೇಳಿದ ತಂಪಿನ ಡ್ರಾಪ್ಸ್‌ನಿಂದ ಏನೂ ಆಗಲಿಲ್ಲ. ಬಿಪಿ ಇರಬಹುದು ಎಂದವರಿಗೆ: ಬಿಪಿ ಸರಿಯಾಗೇ ಇತ್ತು.

ರೆಟಿನಾದಲ್ಲಿ ಮೇಲ್ಗಡೆ, ಕಿವಿಯ ಬದಿಗೆ, ಕುದುರೆ ಲಾಳದ ಆಕಾರದ ಸೀಳು. ಜಾಸ್ತಿ ಸೀಳು ಬೀಳೋದು ಆ ಭಾಗದಲ್ಲೇ ಅಂತೆ. ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗಿ ರೆಟಿನಾದಿಂದ ಬಿಟ್ಟುಕೊಳ್ಳುತ್ತೆ. ಎಲ್ಲಾದರೂ ಬಿಗಿಯಾಗಿ ಅಂಟಿಕೊಂಡಿದ್ದರೆ ಅಲ್ಲಿ ಎಳೆದು ಹರಿಯುತ್ತೆ. ಆ ಸೀಳಿನೊಳಗೆ ನೀರು ನುಗ್ಗಿದರೆ ರೆಟಿನಾ ಕಳಚಿ ಏಳುತ್ತೆ. ಅಮ್ಮನ ಕನ್ನಡಕದ ಪವರ್ ಮೈನಸ್ 7. ಅಂಥವರಿಗೆ ಅಪಾಯ ಜಾಸ್ತಿ.

ಅದೃಷ್ಟಕ್ಕೆ ಇನ್ನೂ ಕಳಚಿರಲಿಲ್ಲ. ಕೂರಿಸಿಯೇ ಲೇಸರ್ ಮಾಡಿದರು, ಸೀಳಿನ ಸುತ್ತ ಸಾಲು ಸಾಲು ಬಿಳಿ ಸುಟ್ಟ ಚುಕ್ಕಿ. ಅಲ್ಲಿ ರೆಟಿನಾ ಗಟ್ಟಿಯಾಗಿ ಅಂಟಲು ಸುಮಾರು 2 ವಾರ ಬೇಕು. ತೇಲುವ ಚುಕ್ಕಿಗಳು ಹೋಗಿಲ್ಲ, ಲೇಸರ್ ಅದಕ್ಕಲ್ಲ.

ನನಗೆ ಆಶ್ಚರ್ಯವಾದದ್ದು: ರೆಟಿನಾ ಹರಿದಿದ್ದರೂ ನೋವೇ ಇರಲಿಲ್ಲ, ಬೋರ್ಡಿನ ಕೊನೆ ಸಾಲೂ ಓದಿದರು! ಎಡಗಣ್ಣಲ್ಲೂ ರೆಟಿನಾ ಒಂದು ಕಡೆ ತೆಳುವಾಗಿದೆ. ಸದ್ಯಕ್ಕೆ ಸುಮ್ನೆ ಗಮನಿಸುತ್ತಾರೆ. ಆದರೆ ಪರದೆಯಂಥ ನೆರಳು ಕಂಡರೆ ರಾತ್ರಿಯಾದರೂ ಬನ್ನಿ ಎಂದಿದ್ದಾರೆ.